ಕಾರ್ಡಿನ ಪಕ್ಕದ ಸಣ್ಣ ತೂತು

2003ರ ಸುಮಾರಿನ ಲ್ಯಾಪ್‌ಟಾಪುಗಳ ಮಗ್ಗುಲಲ್ಲಿ ತೆಳ್ಳಗಿನ, ಅಗಲವಾದ ಒಂದು ಬಾಯಿ ಇರುತ್ತಿತ್ತು. ಅದಕ್ಕೆ ಪಿಸಿ ಕಾರ್ಡ್ ಸ್ಲಾಟ್ ಎಂದು ಹೆಸರು. ಅದನ್ನು ರೂಪಿಸಿದ ಸಂಘದ ಹೆಸರು ಹಿಡಿದು ಪಿಸಿಎಂಸಿಐಎ ಎನ್ನುವವರೇ ಹೆಚ್ಚು. ಎಟಿಎಂ ಕಾರ್ಡಿನಷ್ಟೇ ಉದ್ದಗಲದ, 5 ಮಿಲಿಮೀಟರ್ ದಪ್ಪದ ಲೋಹದ ತಗಡೊಂದನ್ನು ಅದರೊಳಗೆ ತಳ್ಳಿದರೆ, ಒಳಗಿನ 68 ಪಿನ್ನುಗಳು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದವು. ಮೋಡೆಮ್ ಬೇಕಾದರೆ ಒಂದು ಕಾರ್ಡು, ವೈಫೈ ಬೇಕಾದರೆ ಇನ್ನೊಂದು. ಬೇಡವಾದಾಗ ಪಕ್ಕದ ಗುಂಡಿ ಒತ್ತಿದರೆ ಕಾರ್ಡು ಹೊರಗೆ ಬರುತ್ತಿತ್ತು. ಲ್ಯಾಪ್‌ಟಾಪ್ ಬಿಚ್ಚದೆ ಅದಕ್ಕೊಂದು ಹೊಸ ಅಂಗ ಕೂಡಿಸುವ ಈ ಏರ್ಪಾಟು ನನಗೆ ಇಂದಿಗೂ ಬಹಳ ಇಷ್ಟ.

2003ರಲ್ಲಿ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಸ್ವಲ್ಪವೇ ದಿನವಾಗಿತ್ತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ಕಂತಿನ ಮೇಲೆ ಕೊಂಡಿದ್ದೆ. ಆ ವರ್ಷ ಕ್ಯಾಲಿಫೋರ್ನಿಯಾದಿಂದ ಬಂದ ಅಕ್ಕ ತನ್ನ ಹಳೆಯ ಐಪಾಡನ್ನು ನನ್ನ ಕೈಗಿಟ್ಟಳು. ಎರಡನೆಯ ತಲೆಮಾರಿನದು, 10 ಜಿಬಿ, ವಿಂಡೋಸಿಗೂ ಹೊಂದುವಂಥದ್ದು. ಬೆನ್ನಿಗೆ ಕನ್ನಡಿಯಂತೆ ಹೊಳೆಯುವ ಉಕ್ಕು, ನೆತ್ತಿಯ ಮೇಲೆ ಆರು ಪಿನ್ನಿನ ಫೈರ್‌ವೈರ್ ಸಾಕೆಟ್ಟು. ಜೊತೆಗೆ ಒಂದು ಬಿಳಿ ಕೇಬಲ್ಲೂ ಬಂತು. ಚಾರ್ಜರ್ ಮಾತ್ರ ಬರಲಿಲ್ಲ. ಆಕೆ ಕೊಂಡ ಹೊಸ ಮಾದರಿಗೂ ಅದೇ ಚಾರ್ಜರ್ ಹೊಂದುತ್ತಿದ್ದುದರಿಂದ ಒಂದನ್ನು ಮನೆಯಲ್ಲಿ, ಒಂದನ್ನು ಆಫೀಸಿನಲ್ಲಿ ಇಟ್ಟುಕೊಂಡಿದ್ದಳು. ‘ಲ್ಯಾಪ್‌ಟಾಪಿಗೆ ಹಾಕಿದರೆ ತಾನೇ ಚಾರ್ಜ್ ಆಗ್ತದ’ ಎಂದು ಹೇಳಿ ಹೋದಳು. ಆಕೆಯ ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ಅದು ನಿಜವೇ ಆಗಿತ್ತು.

ಐಪಾಡಿಗೆ ಫೈರ್‌ವೈರ್ ಯಾಕೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೊದಲ ಐಪಾಡನ್ನು ಪ್ರಕಟಿಸಿದ್ದು 2001ರ ಅಕ್ಟೋಬರ್ 23ರಂದು. 5 ಜಿಬಿ ಡಿಸ್ಕು, ಸಾವಿರ ಹಾಡು, 399 ಡಾಲರ್. ತೋಷಿಬಾದವರು ಮಾಡಿದ 1.8 ಇಂಚಿನ ಪುಟ್ಟ ಹಾರ್ಡ್ ಡಿಸ್ಕ್ ಅದರ ಹೊಟ್ಟೆಯೊಳಗೆ ತಿರುಗುತ್ತಿತ್ತು. ಆಗ ಎಲ್ಲೆಡೆ ಇದ್ದ ಯುಎಸ್‌ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್. ಅದರ ಮೂಲಕ ಸಾವಿರ ಹಾಡು ತುಂಬಲು ಗಂಟೆಗಟ್ಟಲೆ ಕಾಯಬೇಕು. ಫೈರ್‌ವೈರಿನದು 400 ಮೆಗಾಬಿಟ್. ವೇಗದಷ್ಟೇ ಮುಖ್ಯವಾದದ್ದು ವಿದ್ಯುತ್ತು. ಯುಎಸ್‌ಬಿ ಕೊಡುತ್ತಿದ್ದುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ 2.5 ವಾಟ್. ಆರು ಪಿನ್ನಿನ ಫೈರ್‌ವೈರಿನಲ್ಲಿ ಎರಡು ಪಿನ್ನು ಬರೀ ವಿದ್ಯುತ್ತಿಗೇ ಮೀಸಲು, ಅದೂ 8 ವೋಲ್ಟಿನಿಂದ 30 ವೋಲ್ಟಿನವರೆಗೆ. ಒಂದು ಹಾರ್ಡ್ ಡಿಸ್ಕನ್ನು ಬರೀ ಕೇಬಲ್ಲಿನ ಮೇಲೆ ಓಡಿಸಬಲ್ಲ ಶಕ್ತಿ ಅದು. ಹಾಡೂ ಕರೆಂಟೂ ಒಂದೇ ತಂತಿಯಲ್ಲಿ ಬರಲಿ ಎಂದು ಹೊರಟವರಿಗೆ ಆ ಹೊತ್ತಿನಲ್ಲಿ ಬೇರೆ ಆಯ್ಕೆಯೇ ಇರಲಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಇರಲಿಲ್ಲ. ಹಾಗಾಗಿ ಎಸ್.ಪಿ. ರಸ್ತೆಗೆ ಹೋದೆ. ಎರಡು ಫೈರ್‌ವೈರ್ ಸಾಕೆಟ್ಟುಗಳಿದ್ದ ಪಿಸಿ ಕಾರ್ಡೊಂದನ್ನು ಅಂಗಡಿಯವ ಶೋಕೇಸಿನ ಕೆಳಗಿನಿಂದ ತೆಗೆದು ತೋರಿಸಿದ. ‘ಮದುವೆ ವಿಡಿಯೋದವರು ಬಿಟ್ಟರೆ ಇದನ್ನ ಯಾರೂ ಕೇಳಲ್ಲ ಸಾರ್’ ಎಂದ. ಮಿನಿ ಡಿವಿ ಕ್ಯಾಮೆರಾದಿಂದ ಮದುವೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದಕ್ಕೆ ಆಗ ಫೈರ್‌ವೈರೇ ದಾರಿ. ಆ ಮಾತು ಎಷ್ಟು ಮುಖ್ಯವಾದದ್ದು ಎಂದು ನನಗೆ ಗೊತ್ತಾದದ್ದು ನಮ್ಮೂರು ಧಾರವಾಡಕ್ಕೆ ಹೋದ ಮೇಲೆ. ಕ್ಯಾಮೆರಾಗೆ ತನ್ನದೇ ಬ್ಯಾಟರಿ ಇರುತ್ತದೆ. ಕೇಬಲ್ಲಿನಿಂದ ಅದು ಕರೆಂಟು ಬೇಡುವುದಿಲ್ಲ. ಕ್ಯಾಮೆರಾಗಳ ಸಾಕೆಟ್ಟು ನಾಲ್ಕೇ ಪಿನ್ನಿನದು. ಸೋನಿಯವರು ಐ-ಲಿಂಕ್ ಎಂದು ಕರೆದ ಆ ಪುಟ್ಟ ಸಾಕೆಟ್ಟಿನಲ್ಲಿ ವಿದ್ಯುತ್ತಿನ ಎರಡು ಪಿನ್ನುಗಳೇ ಇಲ್ಲ. ಕಾರ್ಡನ್ನು ಕೊಳ್ಳುವ ಬಹುಪಾಲು ಜನಕ್ಕೆ ಬೇಡವಾದದ್ದು ಕಾರ್ಡಿನಲ್ಲಿ ಇಲ್ಲದಿದ್ದರೆ ದೂರು ಕೊಡುವವರು ಯಾರು?

ರೂಮಿಗೆ ಬಂದು ಕಾರ್ಡು ತಳ್ಳಿದೆ. ವಿಂಡೋಸ್ ಎಕ್ಸ್‌ಪಿ ಅದನ್ನು ಏನೂ ಕೇಳದೆ ಗುರುತಿಸಿತು. ಐಪಾಡ್ ಕೂಡಿಸಿದ ಕೂಡಲೇ ಅದರ ತೆರೆಯ ಮೇಲೆ ‘ಡು ನಾಟ್ ಡಿಸ್ಕನೆಕ್ಟ್’ ಎಂದು ಮೂಡಿತು, ಹಾಡುಗಳು ಸರಸರನೆ ಒಳಗೆ ಹೋದವು. ಆದರೆ ಮೂಲೆಯ ಬ್ಯಾಟರಿ ಚಿತ್ರ ತುಂಬುವ ಬದಲು ಇಳಿಯುತ್ತಿತ್ತು. ಎಷ್ಟು ಹೆಚ್ಚು ಹಾಡು ತುಂಬಿದರೆ ಅಷ್ಟು ಬೇಗ ಬ್ಯಾಟರಿ ಖಾಲಿ. ಐಪಾಡಿನ ಒಳಗುಟ್ಟು ತಿಳಿದವರಿಗೆ ಇದು ಸಹಜ. ಹಾಡು ಕೇಳುವಾಗ ಅದು ಡಿಸ್ಕನ್ನು ಒಂದೆರಡು ಕ್ಷಣ ತಿರುಗಿಸಿ, ಮುಂದಿನ ಹಲವು ನಿಮಿಷಗಳ ಹಾಡನ್ನು ತನ್ನ 32 ಎಂಬಿ ಮೆಮೊರಿಗೆ ಎಳೆದುಕೊಂಡು, ಡಿಸ್ಕನ್ನು ಮಲಗಿಸಿಬಿಡುತ್ತದೆ. ಹತ್ತು ಗಂಟೆ ಹಾಡುವ ತಾಕತ್ತು ಬಂದದ್ದು ಈ ಮಿತವ್ಯಯದಿಂದ. ಹಾಡು ತುಂಬುವಾಗ ಹಾಗಲ್ಲ, ಡಿಸ್ಕು ಎಡೆಬಿಡದೆ ತಿರುಗಲೇಬೇಕು. ಅಕ್ಕನ ಮ್ಯಾಕಿನಲ್ಲಿ ಆ ಖರ್ಚನ್ನು ಕೇಬಲ್ಲೇ ತುಂಬಿಕೊಡುತ್ತಿತ್ತು, ನನ್ನಲ್ಲಿ ಬ್ಯಾಟರಿಯಿಂದಲೇ ಹೋಗುತ್ತಿತ್ತು. ಸಹೋದ್ಯೋಗಿಯೊಬ್ಬರ ಚಾರ್ಜರನ್ನು ಬೇಡಿ ತಂದು ಕೆಲವು ದಿನ ನಡೆಸಿದೆ.

ದೀಪಾವಳಿಗೆ ಧಾರವಾಡಕ್ಕೆ ಹೋಗುವಾಗ ಲ್ಯಾಪ್‌ಟಾಪು, ಕಾರ್ಡು, ಐಪಾಡು ಮೂರನ್ನೂ ಒಯ್ದೆ. ಅಪ್ಪನ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಬೇಕೆಂಬುದು ನನ್ನ ಬಹಳ ದಿನದ ಆಸೆ. ಅಪ್ಪ ಸುಭಾಸ ರಸ್ತೆಯ ಕಡೆಗೆ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ ಇಟ್ಟಿದ್ದವರು. ಮರ್ಫಿ, ಬುಷ್, ಫಿಲಿಪ್ಸ್ ರೇಡಿಯೊಗಳು ಅವರ ಕೈಯಲ್ಲಿ ಮತ್ತೆ ಮತ್ತೆ ದನಿ ಪಡೆದಿದ್ದವು. ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಾರೆಂದರೆ ಆ ಹೊತ್ತಿಗೆ ಅಂಗಡಿಯ ರೇಡಿಯೊದಿಂದ ನೇರ ತಂತಿ ಎಳೆದು ಟೇಪಿಗೆ ಹಾಕಿಕೊಳ್ಳುತ್ತಿದ್ದರು. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಹೀಗೆ ಒಂದು ಟ್ರಂಕಿನ ತುಂಬ ಕ್ಯಾಸೆಟ್ಟು. ಪ್ರತಿಯೊಂದರ ಮೇಲೂ ರಾಗ, ತಾರೀಖು, ರೆಕಾರ್ಡು ಮಾಡಿದ ಯಂತ್ರದ ಹೆಸರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ರಿಪೇರಿಗೆ ತರುವವರು ಕಡಿಮೆಯಾಗಿ, ಅಂಗಡಿ ಮುಚ್ಚಿ, ಸಾಮಾನುಗಳೆಲ್ಲ ಮಾಳಮಡ್ಡಿಯ ಮನೆಯ ಹಿಂಬದಿ ಕೋಣೆಗೆ ಬಂದಿದ್ದವು.

ಅಪ್ಪ ಐಪಾಡನ್ನು ನೋಡಿ ಬೆರಗಾಗಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಕಾರ್ಡನ್ನು ಕೈಗೆ ತೆಗೆದುಕೊಂಡರು, ಕನ್ನಡಕವನ್ನು ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದರು.

‘ತಮ್ಮಾ, ಇದು ಕರೆಂಟು ಎಲ್ಲಿಂದ ತಗೋತೈತಿ?’

‘ಲ್ಯಾಪ್‌ಟಾಪಿಂದ ತಗೋಬೇಕಲ್ರಿ ಅಪ್ಪಾ.’

‘ಅಲ್ಲಿಂದ ಬರೂದಾದ್ರ ಈ ತೂತು ಯಾಕ ಇಟ್ಟಾರ?’

ಎರಡು ಸಾಕೆಟ್ಟುಗಳ ಪಕ್ಕದಲ್ಲಿ ಕಡಲೆಕಾಳಿನಷ್ಟು ಚಿಕ್ಕದೊಂದು ದುಂಡನೆಯ ತೂತು ಇತ್ತು. ಪಕ್ಕದಲ್ಲಿ ಅಕ್ಷರವೆಂದು ಗುರುತಿಸಲೂ ಆಗದಷ್ಟು ಸಣ್ಣದಾಗಿ ‘ಡಿಸಿ 12ವಿ’ ಎಂದು ಕೊರೆದಿತ್ತು. ಡಬ್ಬದಲ್ಲಿ ಅದಕ್ಕೆ ಹೊಂದುವ ಅಡಾಪ್ಟರ್ ಇರಲಿಲ್ಲ.

ಅಪ್ಪ ತಮ್ಮ ಹಳೆಯ ಸೂಜಿ ಮೀಟರನ್ನು ತಂದರು. ಓಮ್ಸ್ ರೇಂಜಿಗೆ ತಿರುಗಿಸಿ, ಎರಡು ಮುಳ್ಳುಗಳನ್ನೂ ಒಂದಕ್ಕೊಂದು ಮುಟ್ಟಿಸಿ, ಸೂಜಿಯನ್ನು ಸೊನ್ನೆಗೆ ಹೊಂದಿಸಿಕೊಂಡರು. ಆರು ಪಿನ್ನಿನ ಸಾಕೆಟ್ಟಿನಲ್ಲಿ ಒಂದನೆಯದು ಪ್ಲಸ್, ಎರಡನೆಯದು ಗ್ರೌಂಡ್, ಉಳಿದ ನಾಲ್ಕು ಎರಡು ಜೊತೆ ಡೇಟಾ ತಂತಿ ಎಂದು ನಾನು ಹೇಳಿದೆ. ಮೀಟರಿನ ಒಂದು ಮುಳ್ಳನ್ನು ಒಂದನೇ ಪಿನ್ನಿಗೆ ತಾಗಿಸಿ, ಇನ್ನೊಂದನ್ನು ಕಾರ್ಡಿನ ಆ ತುದಿಯ 68 ತೂತುಗಳ ಪೈಕಿ ಕರೆಂಟು ಬರುವ ತೂತುಗಳಿಗೆ ಒಂದೊಂದಾಗಿ ಇಟ್ಟು ನೋಡಿದರು. ಸೂಜಿ ಕದಲಲಿಲ್ಲ. ಮುಳ್ಳುಗಳನ್ನು ಅದಲು ಬದಲು ಮಾಡಿದರೂ ಇಲ್ಲ. ಆಮೇಲೆ ಆ ದುಂಡು ತೂತಿನ ನಡುವಿನ ಕಡ್ಡಿಗೆ ಮುಟ್ಟಿಸಿದರು. ಸೂಜಿ ಅರ್ಧಕ್ಕೂ ಮೇಲೆ ಏರಿತು. ಅದಲು ಬದಲು ಮಾಡಿದಾಗ ಏಳಲಿಲ್ಲ.

‘ನಡುವ ಒಂದು ಡಯೋಡ್ ಹಾಕ್ಯಾರ. ಕರೆಂಟು ಇಲ್ಲಿಂದ ಹೊರಗ ಹೋಗತೈತಿ, ವಾಪಸ್ ಬರೂದಿಲ್ಲ. ಲ್ಯಾಪ್‌ಟಾಪಿಂದ ಅಂತೂ ದಾರೀನ ಇಲ್ಲ.’

ದಾರಿ ಯಾಕಿಲ್ಲ ಎಂದು ಆ ರಾತ್ರಿ ಲೆಕ್ಕ ಹಾಕಿದೆ. ಪಿಸಿ ಕಾರ್ಡ್ ಸ್ಲಾಟು ಕಾರ್ಡಿಗೆ ಕೊಡುವುದು 3.3 ಅಥವಾ 5 ವೋಲ್ಟು. ಫೈರ್‌ವೈರಿಗೆ ಬೇಕಾದದ್ದು ಕನಿಷ್ಠ 8. ಸ್ಲಾಟಿನಲ್ಲಿ 12 ವೋಲ್ಟು ಬರಬಹುದಾದ ಪಿನ್ನುಗಳೂ ಉಂಟು, ಆದರೆ ಅವು ಹಿಂದಿನ ಕಾಲದ ಫ್ಲ್ಯಾಶ್ ಮೆಮೊರಿ ಕಾರ್ಡುಗಳಿಗೆ ಬರೆಯಲೆಂದು ಇಟ್ಟವು. ಅವುಗಳಿಂದ ಬರುವ ಆಂಪಿಯರು ಬಹಳ ಸ್ವಲ್ಪ. 5 ವೋಲ್ಟನ್ನು 12ಕ್ಕೆ ಏರಿಸುವ ಸರ್ಕ್ಯೂಟನ್ನು ಕಾರ್ಡಿನಲ್ಲೇ ಕೂರಿಸಬಹುದಿತ್ತು, ಆದರೆ ಅದಕ್ಕೆ ಕಾಯಿಲ್ ಬೇಕು, ಜಾಗ ಬೇಕು, ಕಾಸು ಬೇಕು, ಮತ್ತು ಇಡೀ ಭಾರ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಬೀಳುತ್ತದೆ. ಕಾರ್ಡು ಮಾಡಿದವರು ಅದನ್ನೆಲ್ಲ ಬಿಟ್ಟು ಒಂದು ತೂತು ಕೊರೆದರು. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಆರು ಪಿನ್ನಿನ ಸಾಕೆಟ್ಟಿಟ್ಟು, ಅದರಲ್ಲಿ ಎರಡು ಪಿನ್ನು ಖಾಲಿ ಎಂಬುದನ್ನು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಹೇಳದೆ ಇರುವುದು ಸರಿಯಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಸಾಕೆಟ್ಟಿನ ಆಕಾರವೇ ಒಂದು ಮಾತು ಕೊಟ್ಟ ಹಾಗೆ.

ಮರುದಿನ ಅಪ್ಪ ಕೆಲಸಕ್ಕೆ ಕೂತರು. ಮೊದಲು ನಾನು ಅಟ್ಟದಿಂದ ಟೇಪ್ ರೆಕಾರ್ಡರಿನ ಹಳೆಯ ಎಲಿಮಿನೇಟರ್ ತೆಗೆದುಕೊಟ್ಟೆ. 3ರಿಂದ 12 ವೋಲ್ಟಿನವರೆಗೆ ತಿರುಗಿಸುವ ಸ್ವಿಚ್ಚಿದ್ದ, ಪ್ರತಿ ಮನೆಯಲ್ಲೂ ಇರುತ್ತಿದ್ದ ಕಪ್ಪು ಡಬ್ಬ. ಅಪ್ಪ ಅದನ್ನು 12ಕ್ಕೆ ತಿರುಗಿಸಿ ಅಳೆದು, ಮೀಟರನ್ನು ನನ್ನ ಕಡೆಗೆ ತಿರುಗಿಸಿದರು. ಸೂಜಿ 17ರ ಹತ್ತಿರ ನಿಂತಿತ್ತು. ಭಾರ ಬಿದ್ದಾಗ 12ಕ್ಕೆ ಇಳಿಯುತ್ತದೆ, ಇಲ್ಲದಾಗ ಏರುತ್ತದೆ. ಒಳಗೆ ರೆಗ್ಯುಲೇಟರ್ ಇಲ್ಲದ ಎಲಿಮಿನೇಟರುಗಳ ಸ್ವಭಾವವೇ ಅದು. ಐಪಾಡ್ 30 ವೋಲ್ಟಿನವರೆಗೂ ತಡೆದುಕೊಳ್ಳುತ್ತದೆ ಎಂದು ನಾನು ಹೇಳಿದರೂ ಅವರು ಒಪ್ಪಲಿಲ್ಲ. ಐಪಾಡು ತಡೆದರೂ ನಡುವಿನ ಕಾರ್ಡಿನ ಕೆಪ್ಯಾಸಿಟರ್ ತಡೆಯುತ್ತದೆ ಎಂದು ಯಾರು ಹೇಳಬೇಕು ಎಂಬುದು ಅವರ ವಾದ. ಬೇರೆಯವರ ವಸ್ತುವನ್ನು ರಿಪೇರಿಗೆ ಇಸಿದುಕೊಂಡು ಬದುಕಿದ ಮನುಷ್ಯನಿಗೆ ಈ ಎಚ್ಚರ ರಕ್ತದಲ್ಲೇ ಇರುತ್ತದೆ.

ಸತ್ತುಹೋದ ಡೆಕ್ಕೊಂದರಿಂದ 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿದರು. ನಾಲ್ಕು ಡಯೋಡಿನ ಬ್ರಿಜ್, ಒಂದು ದಪ್ಪ ಕೆಪ್ಯಾಸಿಟರ್, ಅದರ ಮುಂದೆ 7812 ಎಂಬ ಮೂರು ಕಾಲಿನ ರೆಗ್ಯುಲೇಟರ್. ಬ್ರಿಜ್ ದಾಟಿ ಬರುವ ಸುಮಾರು 20 ವೋಲ್ಟಿನಲ್ಲಿ 12 ಮಾತ್ರ ಮುಂದೆ ಹೋಗಬೇಕು. ಉಳಿದ 8 ವೋಲ್ಟು ಆ ಪುಟ್ಟ ತುಂಡಿನಲ್ಲೇ ಬಿಸಿಯಾಗಿ ಕರಗಬೇಕು. ಅದಕ್ಕೆಂದು ಹಳೆಯ ಆಂಪ್ಲಿಫೈಯರಿನ ಅಲ್ಯುಮಿನಿಯಂ ಹೀಟ್ ಸಿಂಕನ್ನು ಗರಗಸದಿಂದ ಕೊಯ್ದು ಕೂಡಿಸಿದರು. ರಾಳದ ಹೊಗೆಯ ವಾಸನೆ ಹಿಂಬದಿ ಕೋಣೆಯಿಂದ ಅಡುಗೆಮನೆಗೂ ಬಂದಾಗ ಅವ್ವ, ‘ಮತ್ತ ಅಂಗಡಿ ತೆಗದ್ರೇನು?’ ಎಂದಳು. ಕೇಳಿ ಅಪ್ಪನಿಗೆ ಸಂತೋಷವಾದದ್ದು ನನಗೆ ಕಂಡಿತು.

ಎಲ್ಲ ಮುಗಿದ ಮೇಲೂ ಸೀದಾ ಐಪಾಡಿಗೆ ಹಚ್ಚಲಿಲ್ಲ. 12 ವೋಲ್ಟಿನ ಒಂದು ಬಲ್ಬನ್ನು ಭಾರವಾಗಿ ಹಾಕಿ, ಅರ್ಧ ಗಂಟೆ ಉರಿಸಿ, ಹೀಟ್ ಸಿಂಕನ್ನು ಕೈಯಿಂದ ಮುಟ್ಟಿ ನೋಡಿದರು. ಜ್ಯಾಕಿನ ನಡುವಿನ ಕಡ್ಡಿ ಪ್ಲಸ್ಸೋ ಮೈನಸ್ಸೋ ಎಂದು ಇನ್ನೊಮ್ಮೆ ಅಳೆದರು. ಉಲ್ಟಾ ಕೊಟ್ಟರೆ ಡಯೋಡು ತಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು, ಆದರೂ ಅಳೆದರು. ಆಮೇಲೆ ಕಾರ್ಡಿನ ತೂತಿಗೆ ಪಿನ್ನು ಚುಚ್ಚಿ, ಬಿಳಿ ಕೇಬಲ್ಲನ್ನು ಐಪಾಡಿಗೆ ಹಾಕಿದರು. ತೆರೆಯ ಮೇಲೆ ಬ್ಯಾಟರಿಯ ಚಿತ್ರ, ಅದರ ಮೇಲೆ ಮಿಂಚಿನ ಗುರುತು.

ಆಗ ಕಾರ್ಡು ಲ್ಯಾಪ್‌ಟಾಪಿನಲ್ಲಿ ಇರಲೇ ಇಲ್ಲ. ಅಳೆಯಲೆಂದು ಹೊರಗೆ ತೆಗೆದದ್ದು ಹಾಗೇ ಮೇಜಿನ ಮೇಲೆ, ವರ್ತಮಾನಪತ್ರಿಕೆಯ ಹಾಳೆಯ ಮೇಲೆ ಬಿದ್ದಿತ್ತು. ಲ್ಯಾಪ್‌ಟಾಪಿನ ಮೂಲಕ ಚಾರ್ಜ್ ಮಾಡಬೇಕೆಂದು ನಾನು ತಂದ ಕಾರ್ಡು ಲ್ಯಾಪ್‌ಟಾಪಿನ ಹಂಗೇ ಇಲ್ಲದೆ ಆ ಕೆಲಸ ಮಾಡುತ್ತಿತ್ತು. ಒಳಗೆ ತಳ್ಳಿದಾಗ ಹಾಡೂ ಹೋಗುತ್ತಿತ್ತು, ಕರೆಂಟೂ ಹೋಗುತ್ತಿತ್ತು. ಎರಡಕ್ಕೂ ಬೇರೆ ಬೇರೆ ಮೂಲ, ತಂತಿ ಮಾತ್ರ ಒಂದು.

ನಾನು ಓದಿದ್ದು ಎಂಜಿನಿಯರಿಂಗ್. ಪ್ರೋಟೋಕಾಲ್, ಡ್ರೈವರ್, ಫೈಲ್ ಸಿಸ್ಟಂ ನನ್ನ ಭಾಷೆ. ಯಂತ್ರವೊಂದು ಸುಮ್ಮನಿದ್ದರೆ ಅದು ಏನು ಹೇಳುತ್ತಿದೆ ಎಂದು ನಾನು ಕೇಳುತ್ತೇನೆ. ಅಪ್ಪ ಕೇಳುವುದು ಅದು ಏನು ತಿನ್ನುತ್ತಿದೆ, ಎಲ್ಲಿಂದ ತಿನ್ನುತ್ತಿದೆ ಎಂದು. ವಾಲ್ವ್ ರೇಡಿಯೊದ ಕಾಲದಿಂದ ಅವರ ಕೈಗೆ ಬಂದ ಯಾವ ಯಂತ್ರವನ್ನೂ ಅವರು ಪವರ್ ಸಪ್ಲೈ ಬಿಟ್ಟು ಬೇರೆಡೆಯಿಂದ ಬಿಚ್ಚಿದ್ದು ನಾನು ನೋಡಿಲ್ಲ. ಹತ್ತರಲ್ಲಿ ಎಂಟು ರೋಗ ಅಲ್ಲೇ ಇರುತ್ತವೆ ಎನ್ನುತ್ತಿದ್ದರು. ಅವರ ವಿದ್ಯೆಯ ಕಾಲ ಮುಗಿಯಿತು ಎಂದು ಊರೆಲ್ಲ ಅಂದುಕೊಂಡ ಹೊತ್ತಿನಲ್ಲಿ, ಅವರು ಹಿಂದೆಂದೂ ನೋಡಿರದ ಕಾರ್ಡನ್ನು ಅದೇ ವಿದ್ಯೆಯಿಂದ ಓದಿದರು. ಅವತ್ತು ನನಗಾದ ಹೆಮ್ಮೆ ನನ್ನ ಯಾವ ಕೆಲಸದಿಂದಲೂ ಈವರೆಗೆ ಆಗಿಲ್ಲ.

ಆ ಚಳಿಗಾಲ ನಾನು ಊರಿಗೆ ಹೋದಾಗಲೆಲ್ಲ ಟ್ರಂಕು ತೆರೆಯುತ್ತಿತ್ತು. ಡೆಕ್ಕಿನಿಂದ ಲ್ಯಾಪ್‌ಟಾಪಿನ ಲೈನ್-ಇನ್‌ಗೆ ತಂತಿ. ಕ್ಯಾಸೆಟ್ಟು ಒಂದು ಮಗ್ಗುಲು ಓಡಲು ಅರ್ಧ ಗಂಟೆ ಬೇಕೆಂದರೆ ಬೇಕು, ಅವಸರ ಮಾಡುವಂತಿಲ್ಲ. ಮುಗಿದ ಮೇಲೆ ಎಂಪಿ3 ಮಾಡಿ ಐಪಾಡಿಗೆ. ಸಂಜೆ ಕರೆಂಟು ಹೋಗುವುದು ಆಗ ಮಾಮೂಲು. ಅದಕ್ಕೂ ಅಪ್ಪ ಉಪಾಯ ಮಾಡಿದರು. ಯುಪಿಎಸ್ಸಿನಿಂದ ತೆಗೆದ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಗೆ ಒಂದು ಫ್ಯೂಜು ಕೂಡಿಸಿ, ಅದರಿಂದಲೇ ಕಾರ್ಡಿಗೆ ತಂತಿ ಎಳೆದರು. ಆ ಬ್ಯಾಟರಿಯಲ್ಲಿ 84 ವಾಟ್-ಅವರ್. ಐಪಾಡಿನ ಬ್ಯಾಟರಿ 5ನ್ನೂ ಮುಟ್ಟುವುದಿಲ್ಲ. ನಡುವೆ ಎಷ್ಟೇ ಸೋರಿದರೂ ಹತ್ತು ಸಲ ತುಂಬಬಹುದು ಎಂದು ಅವರೇ ಹಾಳೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು.

ಕರ್ನಾಟಕ ಕಾಲೇಜಿನ ಮೈದಾನಕ್ಕೆ ಬೆಳಗಿನ ವಾಕಿಂಗಿಗೆ ಅಪ್ಪ ಐಪಾಡ್ ಒಯ್ಯತೊಡಗಿದರು. ಮನ್ಸೂರರ ಧ್ವನಿ ಚೆನ್ನಾಗಿ ಬಂದಿದೆ, ಆದರೆ ಟೇಪಿನ ಹಿಸ್ ಶಬ್ದವನ್ನು ನಾನು ಕಂಪ್ಯೂಟರಿನಲ್ಲಿ ತುಸು ಹೆಚ್ಚೇ ತೆಗೆದುಹಾಕಿದ್ದರಿಂದ ತಂಬೂರಿ ಸೊರಗಿದೆ ಎಂದು ಹೇಳಿದರು. ಅವರು ಹೇಳಿದ್ದು ಸರಿಯಿತ್ತು. ತಂಬೂರಿಯ ಮೇಲಿನ ಸ್ವರಗಳೂ ಟೇಪಿನ ಹಿಸ್ಸೂ ಒಂದೇ ಎತ್ತರದಲ್ಲಿ ಬೆರೆತಿರುತ್ತವೆ, ಒಂದನ್ನು ತೆಗೆದರೆ ಇನ್ನೊಂದಕ್ಕೂ ಪೆಟ್ಟು. ಆಮೇಲೆ ಇಳಿಸಿದ್ದನ್ನೆಲ್ಲ ಹಿಸ್ಸಿನ ಸಮೇತ ಇಟ್ಟೆವು.

ಫೈರ್‌ವೈರಿನ ಕಾಲ ಬೇಗ ಸರಿಯಿತು. 2003ರ ಏಪ್ರಿಲಿನಲ್ಲಿ ಬಂದ ಮೂರನೆಯ ತಲೆಮಾರಿನ ಐಪಾಡ್ ಯುಎಸ್‌ಬಿಯಿಂದ ಹಾಡು ತೆಗೆದುಕೊಳ್ಳುತ್ತಿತ್ತು, ಕರೆಂಟಿಗೆ ಮಾತ್ರ ಫೈರ್‌ವೈರನ್ನೇ ಕಾಯುತ್ತಿತ್ತು. 2004ರ ಜುಲೈನ ನಾಲ್ಕನೆಯದು ಯುಎಸ್‌ಬಿಯಿಂದಲೇ ಚಾರ್ಜ್ ಆಯಿತು. 2005ರಲ್ಲಿ ಐದನೆಯದು ಬಂದಾಗ ಲೆಕ್ಕ ತಿರುಗುಮುರುಗು: ಫೈರ್‌ವೈರಿನಿಂದ ಕರೆಂಟು ಸಿಗುತ್ತಿತ್ತು, ಹಾಡು ಹೋಗುತ್ತಿರಲಿಲ್ಲ. 2022ರ ಮೇ ತಿಂಗಳಲ್ಲಿ ಐಪಾಡ್ ಎಂಬ ಹೆಸರಿನ ಕೊನೆಯ ಮಾದರಿಯನ್ನೂ ನಿಲ್ಲಿಸಿದರು. ಪಿಸಿ ಕಾರ್ಡಿನ ನಂತರ ಎಕ್ಸ್‌ಪ್ರೆಸ್‌ಕಾರ್ಡ್ ಬಂತು, ಅದರ ಸ್ಲಾಟಿನಲ್ಲೂ 3.3 ವೋಲ್ಟಿಗಿಂತ ಮೇಲಿಲ್ಲ, ಅದೂ ಹೋಯಿತು. ಈಗ ಫ್ರೇಮ್‌ವರ್ಕ್ ಎಂಬ ಕಂಪನಿ 2021ರಿಂದ ಮಾಡುತ್ತಿರುವ ಲ್ಯಾಪ್‌ಟಾಪುಗಳಲ್ಲಿ ಕಾರ್ಡು ತಳ್ಳುವ ಗೂಡುಗಳು ಮತ್ತೆ ಬಂದಿವೆ. ಒಳಗಿನಿಂದ ನೋಡಿದರೆ ಪ್ರತಿ ಗೂಡೂ ಒಂದು ಯುಎಸ್‌ಬಿ-ಸಿ ಸಾಕೆಟ್ಟು, ಆದ್ದರಿಂದ ಕಾರ್ಡಿಗೆ ಡೇಟಾದ ಜೊತೆಗೇ ಕರೆಂಟೂ ಬರುತ್ತದೆ. ಇಂದಿನ ಮ್ಯೂಸಿಕ್ ಪ್ಲೇಯರನ್ನು ಅಂಥ ಕಾರ್ಡಿಗೆ ಕೂಡಿಸಿದರೆ ಚಾರ್ಜ್ ಆಗುತ್ತದೆ. ಅಪ್ಪನ ಐಪಾಡ್ ಆಗುವುದಿಲ್ಲ. ಅದಕ್ಕೆ ಗೊತ್ತಿರುವುದು ಫೈರ್‌ವೈರ್ ಒಂದೇ, 5 ವೋಲ್ಟು ಅದರ ಹೊಟ್ಟೆಗೆ ಸಾಲದು.

ಅದು ಇನ್ನೂ ಹಾಡುತ್ತದೆ. ಡಿಸ್ಕು ಕೈಕೊಟ್ಟಾಗ ಅದರ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಕೂರಿಸಿದೆವು, ಬ್ಯಾಟರಿ ಬದಲಿಸಿದೆವು. ಅಪ್ಪ ಕಟ್ಟಿದ ಪೆಟ್ಟಿಗೆಯ ಕೆಪ್ಯಾಸಿಟರ್ ಉಬ್ಬಿದ ಮೇಲೆ ಕಳೆದ ವರ್ಷ ನಾನೊಂದು ಟ್ರಿಗರ್ ಬೋರ್ಡ್ ತರಿಸಿದೆ. ಬೆರಳುಗುರಿನಷ್ಟು ಅಗಲದ ಈ ಹಸಿರು ತುಂಡು ಯುಎಸ್‌ಬಿ-ಸಿ ಚಾರ್ಜರಿನ ಜೊತೆ ಮಾತಾಡಿ, 12 ವೋಲ್ಟು ಕೊಡು ಎಂದು ಕೇಳಿ ಪಡೆಯುತ್ತದೆ. ಎಲ್ಲ ಚಾರ್ಜರುಗಳೂ 12 ಕೊಡುವುದಿಲ್ಲ. ಕೊಡುವಂಥದ್ದನ್ನು ಹುಡುಕಿ ಕೊಂಡೆ. ಅದರ ತಂತಿ ಅದೇ ಕಾರ್ಡಿನ ಅದೇ ತೂತಿಗೆ ಹೋಗುತ್ತದೆ. ವೋಲ್ಟೇಜಿನ ಬಗ್ಗೆ ಯಂತ್ರಗಳು ತಾವೇ ಮಾತಾಡಿಕೊಂಡು ಒಪ್ಪಂದಕ್ಕೆ ಬರುತ್ತವೆ ಎಂದು ವಿವರಿಸಿದಾಗ ಅಪ್ಪ ಬಹಳ ಹೊತ್ತು ಕೇಳಿಸಿಕೊಂಡರು. ಮಾತು ಮುರಿದರೆ ಏನಾಗುತ್ತದೆ ಎಂದು ಕೇಳಿದರು. 5 ವೋಲ್ಟಿಗೆ ಇಳಿಯುತ್ತದೆ, ಏರುವುದಿಲ್ಲ ಎಂದೆ. ‘ಹಂಗಾದ್ರ ಹಚ್ಚು’ ಎಂದರು.

ಟ್ರಂಕಿನಲ್ಲಿ ಇನ್ನೂ ಕ್ಯಾಸೆಟ್ಟುಗಳಿವೆ. ಕೆಲವುಗಳ ರಿಬ್ಬನ್ನಿಗೆ ಬೂಷ್ಟು ಹಿಡಿಯತೊಡಗಿದೆ, ಹೆಚ್ಚು ದಿನ ಬಿಡುವಂತಿಲ್ಲ. ಮೊದಲು ರಾಜಗುರು ಅವರ ವಚನಗಳು, ಆಮೇಲೆ ನಾಟ್ಯಗೀತೆಗಳು, ಗಂಗೂಬಾಯಿಯವರ ಸಂಜೆಯ ರಾಗಗಳು ಅದಾದ ಮೇಲೆ ಎಂದು ಅಪ್ಪ ಕ್ರಮ ಬರೆದು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದಾರೆ.